ಉದ್ರಿ, ಪಾಲುದಾರ, ಮ್ಯಾನೇಜರ್: ನಮ್ಮ ಕಡೆ ಕಂಪನಿ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಕೂತು ಸಣ್ಣ ಕಾರ್ಖಾನೆಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಇಲ್ಲಿನ ಜೀನ್ಸ್ ಹೊಲಿಸುವವರು ಬರುತ್ತಾರೆ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಯವರು ಬರುತ್ತಾರೆ. ತೋರಣಗಲ್ಲು ಸುತ್ತ ಫ್ಯಾಬ್ರಿಕೇಷನ್ ಮಾಡುವವರೂ ಬರುತ್ತಾರೆ. ಅದಕ್ಕೂ ಮೊದಲು ಆರು ವರ್ಷ ನಾನೇ ಒಂದು ಹೊಲಿಗೆ ಘಟಕ ನಡೆಸಿ ಮುಚ್ಚಿದವನು. ಬಂದವರು ಟೀ ಮುಗಿಯುವಷ್ಟರಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಎಷ್ಟು ಸಲ ಅಂತ ಬಾಯಲ್ಲಿ ಹೇಳುವುದು? ಬರೆದಿಟ್ಟಿದ್ದೇನೆ.

ವ್ಯಾಪಾರ ಚೆನ್ನಾಗಿದೆ, ಲಾಭವೂ ಇದೆ ಅಂತ ಲೆಕ್ಕ ಹೇಳುತ್ತದೆ. ಆದರೂ ಪಗಾರ ಕೊಡುವ ದಿನ ರೊಕ್ಕ ಇರಲ್ಲ. ಯಾಕೆ?

ರೊಕ್ಕ ಹೊರಗಿದೆ, ಅದಕ್ಕೆ. ಒಂದು ಜೀನ್ಸ್ ಘಟಕದ ಲೆಕ್ಕ ಹಾಕೋಣ. ಸುಲಭವಾಗಲಿ ಅಂತ ಅಂಕಿ ದುಂಡಗೆ ಮಾಡಿದ್ದೇನೆ. ತಿಂಗಳಿಗೆ 5,000 ಪ್ಯಾಂಟ್, ಒಂದಕ್ಕೆ 400 ರೂಪಾಯಿ. ಮಾರಾಟ 20 ಲಕ್ಷ. ಒಂದು ಪ್ಯಾಂಟಿಗೆ ಖರ್ಚು 360. ಅಂದರೆ ತಿಂಗಳಿಗೆ 18 ಲಕ್ಷ ಹೋಗಿ 2 ಲಕ್ಷ ಉಳಿಯುತ್ತದೆ. ಕಾಗದದ ಮೇಲೆ ಚಂದ ಕಾಣುತ್ತದೆ.

ಈಗ ಗಿರಾಕಿ 90 ದಿನಕ್ಕೆ ರೊಕ್ಕ ಕೊಡುತ್ತಾನೆ ಅನ್ನಿ. ಮೊದಲ ತಿಂಗಳ ಮಾಲಿನ ರೊಕ್ಕ ಬರುವುದು ನಾಲ್ಕನೇ ತಿಂಗಳಿಗೆ. ಅಷ್ಟರೊಳಗೆ ಮೂರು ತಿಂಗಳ ಖರ್ಚು 54 ಲಕ್ಷ ಆಗಿರುತ್ತದೆ. ಅಹಮದಾಬಾದಿನ ಬಟ್ಟೆಯವರು ಒಂದು ತಿಂಗಳು ಉದ್ರಿ ಕೊಟ್ಟರೆ ಒಂದು 10 ಲಕ್ಷ ಕಳೆಯಿರಿ. ಆದರೂ 44 ಲಕ್ಷ ನಿಮ್ಮ ಜೇಬಿನಿಂದ ಹೋಗಿರಬೇಕು. ಹೊಲಿಯುವವರು ಶನಿವಾರ ಸಂಜೆ ಪೀಸ್ ಲೆಕ್ಕ ಹಿಡಿದು ನಿಂತಿರುತ್ತಾರೆ, ಅವರು 90 ದಿನ ಕಾಯುವುದಿಲ್ಲ.

ಅಷ್ಟರಲ್ಲಿ ಆರ್ಡರ್ ಡಬಲ್ ಆಯಿತು ಅಂತ ಗಿರಾಕಿ ಫೋನ್ ಮಾಡುತ್ತಾನೆ. ಮನೆಯಲ್ಲಿ ಸಿಹಿ ಹಂಚುತ್ತಾರೆ. ಲಾಭ 2 ಲಕ್ಷ ಇದ್ದದ್ದು 4 ಲಕ್ಷ ಆಗುತ್ತದೆ, ನಿಜ. ಆದರೆ ಹೊರಗೆ ಸಿಕ್ಕಿಬೀಳುವ ರೊಕ್ಕ 88 ಲಕ್ಷ ಆಗುತ್ತದೆ. ಇನ್ನೊಂದು 44 ಲಕ್ಷ ಎಲ್ಲಿಂದ ತರುತ್ತೀರಿ? ನಮ್ಮ ಕಡೆ ಕಂಪನಿಗಳು ಆರ್ಡರ್ ಇಲ್ಲದೆ ಮುಳುಗಿದ್ದನ್ನು ನಾನು ನೋಡಿದ್ದು ಕಡಿಮೆ. ಆರ್ಡರ್ ತುಂಬಿ ಮುಳುಗಿದ್ದೇ ಜಾಸ್ತಿ. ನನ್ನದೂ ಹಾಗೇ ಆಗಿದ್ದು.

ಅದಕ್ಕೇ ಯಾರೇ ಬಂದರೂ ನಾನು ಮೊದಲು ಲಾಭ ಕೇಳುವುದಿಲ್ಲ. "ರೊಕ್ಕ ಈಗ ಎಲ್ಲಿದೆ?" ಅಂತ ಕೇಳುತ್ತೇನೆ. ಉತ್ತರಕ್ಕೆ ಒಂದು ನೋಟ್‌ಬುಕ್ ಸಾಕು. ಪ್ರತಿ ಶನಿವಾರ ಒಂದು ಪುಟ: ಯಾರು ಎಷ್ಟು ಕೊಡಬೇಕು, ಎಷ್ಟು ದಿನ ಆಯಿತು, ಬರುವ ವಾರ ನಾವು ಯಾರಿಗೆ ಎಷ್ಟು ಕೊಡಬೇಕು.

ಉದ್ರಿ ಕೊಡದೆ ಇಲ್ಲಿ ವ್ಯಾಪಾರ ಆಗುತ್ತದಾ?

ಆಗಲ್ಲ. ಪಕ್ಕದವನು ಕೊಡುತ್ತಾನೆ, ನೀವೂ ಕೊಡಬೇಕು. ಆದರೆ ಉದ್ರಿ ಅಂದರೆ ಸಾಲ ಅನ್ನುವುದನ್ನು ಮರೆಯಬೇಡಿ. ಬ್ಯಾಂಕಿನವರು ನಿಮಗೆ ಸಾಲ ಕೊಡುವಾಗ ಹತ್ತು ಕಾಗದ ಕೇಳುತ್ತಾರೆ. ನೀವು ಒಂದು ಲೋಡ್ ಮಾಲು ಕಳಿಸುವಾಗ ಏನು ಕೇಳುತ್ತೀರಿ? "ನಮ್ಮ ಮಾವನ ಪರಿಚಯದವರು" ಅನ್ನುವ ಮಾತೊಂದೇ ಸಾಕಾಗುತ್ತದೆ.

ನನ್ನ ಘಟಕದಲ್ಲಿ ಹೀಗೇ ಆಯಿತು. ಹೊರ ರಾಜ್ಯದ ಒಬ್ಬ ಸಗಟು ವ್ಯಾಪಾರಿ ಮೊದಲ ಮೂರು ಬಿಲ್ಲನ್ನು ಹೇಳಿದ ದಿನಕ್ಕಿಂತ ಮೊದಲೇ ಕೊಟ್ಟ. ನಾಲ್ಕನೆಯದಕ್ಕೆ ಮೂರು ಪಟ್ಟು ಮಾಲು ಕೇಳಿದ. ನಾನು ಹಿಗ್ಗಿ ಕಳಿಸಿದೆ. ಆಮೇಲೆ "ಸೀಸನ್ ಡಲ್ ಇದೆ ಭಾಯ್" ಶುರುವಾಯಿತು. ಹದಿನಾಲ್ಕು ತಿಂಗಳು ಫೋನ್ ಮಾಡಿದ ಮೇಲೆ ಅರ್ಧ ಬಂತು. ಉಳಿದರ್ಧದ ಬದಲಿಗೆ ಮಾಲಿನ ಒಂದು ಗಂಟು ವಾಪಸ್ ಬಂತು. ಬಿಚ್ಚಿ ನೋಡಿದರೆ ಅರ್ಧಕ್ಕರ್ಧ ನಮ್ಮ ಪ್ಯಾಂಟೇ ಅಲ್ಲ!

ಅಂದಿನಿಂದ ಎಲ್ಲರಿಗೂ ಹೇಳುವುದು ಇಷ್ಟೇ: ಒಬ್ಬೊಬ್ಬ ಗಿರಾಕಿಗೂ ಒಂದು ಗೆರೆ ಹಾಕಿ. ಬಾಕಿ ಆ ಗೆರೆ ದಾಟಿದರೆ ಮಾಲು ಗೇಟ್ ದಾಟಬಾರದು. ಆ "ಇಲ್ಲ" ಅನ್ನುವ ಮಾತನ್ನು ನೀವು ಹೇಳಬೇಡಿ, ಲೆಕ್ಕದವರ ಬಾಯಲ್ಲಿ ಹೇಳಿಸಿ. ನಿಮಗೆ ಮುಲಾಜು ಅಡ್ಡ ಬರುತ್ತದೆ.

ದೊಡ್ಡ ಕಂಪನಿಯವರೇ ಬಿಲ್ ಎಳೆದರೆ ಏನು ಮಾಡುವುದು? ಕಾನೂನು ಇಲ್ವಾ?

ಇದೆ, ಗಟ್ಟಿಯಾಗಿಯೇ ಇದೆ. ನೀವು ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿದ ಅತಿ ಸಣ್ಣ ಅಥವಾ ಸಣ್ಣ ಘಟಕ ಆಗಿರಬೇಕು. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ದಿಮೆ) ಕಾಯ್ದೆ ಪ್ರಕಾರ ಬರಹದ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಒಪ್ಪಂದವೇ ಇಲ್ಲದಿದ್ದರೆ 15 ದಿನದಲ್ಲಿ ಹಣ ಬರಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ದೂರು ಕೊಡಲು 2017ರಲ್ಲಿ ಸರ್ಕಾರ ಸಮಾಧಾನ್ ಅನ್ನುವ ಆನ್‌ಲೈನ್ ಪೋರ್ಟಲ್ ತೆರೆಯಿತು. 2024ರ ಏಪ್ರಿಲ್‌ನಿಂದ ಇನ್ನೊಂದು ಬಿಗಿ ಬಂತು. ಸಣ್ಣವರ ಬಿಲ್ಲನ್ನು ಹೇಳಿದ ಅವಧಿಯಲ್ಲಿ ಕೊಡದಿದ್ದರೆ, ಕೊಡುವ ತನಕ ಆ ಖರ್ಚನ್ನು ಕೊಳ್ಳುವ ಕಂಪನಿ ಆದಾಯ ತೆರಿಗೆಯಲ್ಲಿ ತೋರಿಸಿಕೊಳ್ಳುವಂತಿಲ್ಲ. ಇದರಿಂದ ಮಾರ್ಚ್ ತಿಂಗಳಲ್ಲಿ ಬಾಕಿ ವಸೂಲಿ ಸ್ವಲ್ಪ ಸಲೀಸಾಗಿದೆ.

ಎರಡು ತೊಡಕು ಹೇಳಿಬಿಡುತ್ತೇನೆ. ಈ ರಕ್ಷಣೆ ತಯಾರಿಸುವವರಿಗೆ ಮತ್ತು ಸೇವೆ ಕೊಡುವವರಿಗೆ. ಸುಮ್ನೆ ಕೊಂಡು ಮಾರುವ ವ್ಯಾಪಾರಿಗೆ ಇದು ಸಿಗುವುದಿಲ್ಲ. ಎರಡನೆಯದು, ನಾಳೆ ಮತ್ತೆ ಅದೇ ಗೇಟಿನ ಮುಂದೆ ನಿಲ್ಲಬೇಕಾದವನು ಇವತ್ತು ದೂರು ಕೊಡುತ್ತಾನಾ? ಕೊಡುವುದಿಲ್ಲ. ಹಾಗಾಗಿ ಬಿಲ್ಲಿನ ಮೇಲೆ ಉದ್ಯಮ್ ನಂಬರ್ ದಪ್ಪಕ್ಷರದಲ್ಲಿ ಹಾಕಿ, 30ನೇ ದಿನಕ್ಕೆ ಒಂದು ಮರ್ಯಾದೆಯ ಮೇಲ್ ಕಳಿಸಿ ಅನ್ನುತ್ತೇನೆ. ಎಷ್ಟೋ ಸಲ ಅಷ್ಟಕ್ಕೇ ಕೆಲಸ ಆಗುತ್ತದೆ. ದೊಡ್ಡ ಕಂಪನಿ ಟ್ರೆಡ್ಸ್ ಅನ್ನುವ, ಬಿಲ್ಲಿನ ಮೇಲೆ ರೊಕ್ಕ ಕೊಡಿಸುವ ಆನ್‌ಲೈನ್ ವೇದಿಕೆಯಲ್ಲಿದ್ದರೆ ಬಿಲ್ಲನ್ನು ಅಲ್ಲಿಟ್ಟು ಬ್ಯಾಂಕಿನಿಂದ ಮೊದಲೇ ರೊಕ್ಕ ಎತ್ತಬಹುದು. ಸ್ವಲ್ಪ ಬಡ್ಡಿ ಹೋಗುತ್ತದೆ, ಹೋಗಲಿ.

ನಮ್ಮ ಮಾಲೆಲ್ಲ ಒಂದೇ ಕಾರ್ಖಾನೆಗೆ ಹೋಗುತ್ತದೆ. ಗಿರಾಕಿ ಗಟ್ಟಿ ಇದ್ದಾನೆ. ಚಿಂತೆ ಯಾಕೆ?

2011 ನೆನಪಿದೆಯಾ? ಆ ವರ್ಷ ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಅದಿರು ಗಣಿಗಾರಿಕೆ ನಿಲ್ಲಿಸಿತು. ತಪ್ಪು ಮಾಡಿದವರ ಕಥೆ ಬೇರೆ, ಅದು ಎಲ್ಲರಿಗೂ ಗೊತ್ತು. ನಾನು ಹೇಳುವುದು ಲಾರಿ ಇಟ್ಟವರ ಕಥೆ. ಅದಿರು ಬಿಟ್ಟು ಬೇರೇನೂ ಹೇರದ ಲಾರಿಗಳು ಅವು. ಹೊಸಪೇಟೆ, ಸಂಡೂರು ರಸ್ತೆಗಳಲ್ಲಿ ಸಾಲು ಸಾಲಾಗಿ ನಿಂತವು. ಕಂತು ಮಾತ್ರ ನಿಲ್ಲಲಿಲ್ಲ. ಟೈರ್ ಅಂಗಡಿ, ಢಾಬಾ, ಗ್ಯಾರೇಜು ಎಲ್ಲ ಹಿಂದೆ ಹಿಂದೆಯೇ ಕುಸಿದವು. ಅವರಲ್ಲಿ ಎಷ್ಟೋ ಜನ ಕೋರ್ಟಿನ ಮೆಟ್ಟಿಲನ್ನೂ ನೋಡಿದವರಲ್ಲ.

ಗಿರಾಕಿ ಎಷ್ಟೇ ಗಟ್ಟಿ ಇರಲಿ, ಅವನಿಗೆ ಆಗುವುದು ನಿಮಗೂ ಆಗುತ್ತದೆ. ಮಾರಾಟದ ಅರ್ಧಕ್ಕಿಂತ ಜಾಸ್ತಿ ಒಬ್ಬನಿಗೇ ಹೋಗುತ್ತಿದ್ದರೆ ನೀವು ಕಂಪನಿ ಮಾಲೀಕರಲ್ಲ, ಅವರ ಒಂದು ಡಿಪಾರ್ಟ್‌ಮೆಂಟ್. ಎರಡನೇ ಗಿರಾಕಿ ಹುಡುಕಲು ಕೆಲಸ ಕಡಿಮೆಯಾಗುವ ತನಕ ಕಾಯಬೇಡಿ. ಕೈ ತುಂಬ ಕೆಲಸ ಇದ್ದಾಗಲೇ ವಾರಕ್ಕೆ ಅರ್ಧ ದಿನ ಅದಕ್ಕೆ ಇಡಿ.

ಸರ್ಕಾರದ ಒಂದು ಆದೇಶಕ್ಕೆ ಇಡೀ ವರ್ಷದ ಲೆಕ್ಕ ತಲೆಕೆಳಗಾಗುತ್ತದೆ. ಇದಕ್ಕೆ ಹೇಗೆ ತಯಾರಾಗುವುದು?

ಇದನ್ನು ಕೇಳುವವರು ಸಾಮಾನ್ಯವಾಗಿ ಗಿರಣಿಯವರು. 2023ರ ಜುಲೈ 20ಕ್ಕೆ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಂತಿತು. ಮತ್ತೆ ತೆರೆದದ್ದು 2024ರ ಸೆಪ್ಟೆಂಬರ್ ಕೊನೆಗೆ. ಅದೇ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋಯಿತು. ಡ್ಯಾಂ ಖಾಲಿಯಾದರೆ ಭತ್ತ ಎಲ್ಲಿಂದ ಬರಬೇಕು? ಆ ವಾರ ನನಗೆ ಬಂದ ಫೋನುಗಳಲ್ಲಿ ಒಬ್ಬರೂ ಜಿಎಸ್‌ಟಿ ಬಗ್ಗೆ ಕೇಳಲಿಲ್ಲ. ಎಲ್ಲರದೂ ಒಂದೇ ಪ್ರಶ್ನೆ, ನೀರು ಎಷ್ಟು ಉಳಿಯುತ್ತದೆ ಅಂತ. ಪುಣ್ಯಕ್ಕೆ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟ್ ಕೂಡಿಸಿದರು.

ಆದೇಶಕ್ಕೆ ನಮ್ಮ ಜನ ದಾರಿ ಹುಡುಕುವುದರಲ್ಲಿ ಜಾಣರು. 2022ರ ಜುಲೈನಲ್ಲಿ 25 ಕೆಜಿವರೆಗಿನ ಪ್ಯಾಕೆಟ್ ಅಕ್ಕಿಗೆ ಶೇ 5 ಜಿಎಸ್‌ಟಿ ಬಂತು. ನೋಡುನೋಡುತ್ತಲೇ ಮಾರುಕಟ್ಟೆಯಲ್ಲಿ 26 ಕೆಜಿ ಚೀಲ ಬಂದವು. ಮನೆಗೆ ತರುವ ಅಕ್ಕಿ ಚೀಲದ ಮೇಲೆ 26 ಅಂತ ಯಾಕಿದೆ ಅಂತ ಯೋಚಿಸಿದ್ದರೆ, ಕಾರಣ ಇದೇ.

ಆದರೆ ಜಾಣತನದಿಂದ ರಫ್ತು ನಿಷೇಧ ದಾಟಲು ಆಗುವುದಿಲ್ಲ. ಅಲ್ಲಿ ನಿಮ್ಮನ್ನು ಉಳಿಸುವುದು ದಾಸ್ತಾನು ಎಷ್ಟು ಕಡಿಮೆ ಇದೆ ಅನ್ನುವುದು. ಸುಗ್ಗಿಯಲ್ಲಿ 75 ಕೆಜಿ ಚೀಲದ ಭತ್ತ ಅಗ್ಗ ಅಂತ ಗೋದಾಮು ಕಂಠಮಟ್ಟ ತುಂಬಿಸಿ, ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲವನ್ನು ಕೊನೆ ರೂಪಾಯಿವರೆಗೆ ಎಳೆದವನು ಮೊದಲು ಬೀಳುತ್ತಾನೆ. ಹಳೇ ಸೋನಾ ಮಸೂರಿಗೆ ರೇಟ್ ಜಾಸ್ತಿ ಸಿಗುತ್ತದೆ, ಒಪ್ಪಿದೆ. ಆದರೆ ಅಕ್ಕಿ ಹಳತಾಗುವ ಅಷ್ಟೂ ದಿನ ಬಡ್ಡಿಯೂ ಬೆಳೆಯುತ್ತಿರುತ್ತದೆ.

ಜೀನ್ಸ್‌ನವರಿಗೆ ಒಮ್ಮೆ ಆದೇಶ ಅನುಕೂಲವೂ ಆಗಿದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಶೇ 5 ಜಿಎಸ್‌ಟಿ. ಮೊದಲು ಆ ಮಿತಿ 1,000 ಇತ್ತು.

ಬ್ಯಾಂಕಿನವರು ಆಸ್ತಿ ಕೇಳುತ್ತಾರೆ. ಅಡಮಾನ ಇಲ್ಲದೆ ಸಾಲ ಸಿಗುತ್ತದಾ?

ಸಿಗುತ್ತದೆ, ಓಡಾಡಬೇಕು. ಸಿಜಿಟಿಎಂಎಸ್‌ಇ ಅನ್ನುವ ಖಾತರಿ ನಿಧಿ 2000ದಿಂದ ಇದೆ. ಸಣ್ಣ ಘಟಕದ ಸಾಲಕ್ಕೆ ಅದು ಬ್ಯಾಂಕಿಗೆ ಖಾತರಿ ನಿಲ್ಲುತ್ತದೆ. 2025ರ ಏಪ್ರಿಲ್‌ನಿಂದ ಆ ಮಿತಿ 10 ಕೋಟಿ. ಮ್ಯಾನೇಜರ್ ಬಾಯಿಬಿಟ್ಟು ಹೇಳದಿದ್ದರೆ ನೀವೇ ಹೆಸರು ಹಿಡಿದು ಕೇಳಿ. ಖಾತರಿ ಅಂದರೆ ಮನ್ನಾ ಅಂತ ಮಾತ್ರ ತಿಳಿಯಬೇಡಿ. ಸಾಲ ನಿಮ್ಮದೇ.

ನಾನು ನೋಡುವ ದೊಡ್ಡ ತಪ್ಪು ಬೇರೆ ಇದೆ. ಸಾಲದ ಅರ್ಜಿಯಲ್ಲಿ ಯಂತ್ರ, ಶೆಡ್ಡು ಎಲ್ಲ ಬರೆದು ದುಡಿಯುವ ಬಂಡವಾಳ, ಅಂದರೆ ದಿನದಿನದ ಖರ್ಚಿಗೆ ಬೇಕಾದ ರೊಕ್ಕ, ಕಡಿಮೆ ತೋರಿಸುತ್ತಾರೆ. ಯಂತ್ರ ಬರುತ್ತದೆ, ಪೂಜೆ ಆಗುತ್ತದೆ, ಬಟ್ಟೆ ತರಲು ರೊಕ್ಕ ಇರುವುದಿಲ್ಲ. ಮೇಲೆ ಹೇಳಿದ 44 ಲಕ್ಷದ ಲೆಕ್ಕ ಮಾಡಿಕೊಂಡು ಬ್ಯಾಂಕಿಗೆ ಹೋಗಿ.

ಸಬ್ಸಿಡಿ ಸಿಗುತ್ತದೆ ಅಂತ ಒಂದು ಘಟಕ ಹಾಕೋಣ ಅಂತಿದ್ದೇವೆ.

ಸಬ್ಸಿಡಿ ಇಲ್ಲದಿದ್ದರೂ ಹಾಕುತ್ತಿದ್ದಿರಾ? ಹೌದಾದರೆ ಹಾಕಿ. ಪಿಎಂಇಜಿಪಿ ಅನ್ನುವ ಕೇಂದ್ರ ಸರ್ಕಾರದ ಸಬ್ಸಿಡಿ ಯೋಜನೆಯಲ್ಲಿ 50 ಲಕ್ಷದವರೆಗಿನ ತಯಾರಿಕಾ ಘಟಕಕ್ಕೆ, ಊರು ಮತ್ತು ವರ್ಗ ನೋಡಿ, ಶೇ 15ರಿಂದ 35ರವರೆಗೆ ಸಿಗುತ್ತದೆ. ಆದರೆ ಅದು ಕೈಗೆ ಬರುವ ರೊಕ್ಕ ಅಲ್ಲ. ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿ ಕೂತು, ಆಮೇಲೆ ಸಾಲಕ್ಕೆ ಜಮಾ ಆಗುತ್ತದೆ.

ಗೆಳೆಯನ ಜತೆ ಪಾಲುದಾರಿಕೆ ಮಾಡಬಹುದಾ?

ಮಾಡಬಹುದು. ಬಿಡುವ ದಿನದ ಮಾತನ್ನು ಸೇರುವ ದಿನವೇ ಆಡಿಕೊಂಡರೆ.

ನಾನು ಮತ್ತು ನನ್ನ ಪಾಲುದಾರ ಹೈಸ್ಕೂಲಿನಿಂದ ಜತೆ. ಅವನು ಮಾರಾಟ, ನಾನು ಕಾರ್ಖಾನೆ. ಒಂದು ಹಾಳೆಯಲ್ಲಿ 50-50 ಅಂತ ಬರೆದು ಸಹಿ ಹಾಕಿದೆವು. ಮುಂದೆ ಅವನು ತಂಗಿಯ ಮದುವೆಗೆ ನಾಲ್ಕು ಲಕ್ಷ ತೆಗೆದ. ತಪ್ಪೇನಿಲ್ಲ, ನಾನಾದರೂ ತೆಗೆಯುತ್ತಿದ್ದೆ. ಆದರೆ ಅದು ಸಾಲವೋ, ಅವನ ಲಾಭದ ಪಾಲೋ, ಬಂಡವಾಳದಿಂದ ಕಳೆಯುವುದೋ ಅಂತ ಎಲ್ಲೂ ಬರೆದಿರಲಿಲ್ಲ. ಎರಡು ವರ್ಷ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಮೂರನೇ ವರ್ಷ ಒಂದು ಹೊಲಿಗೆ ಯಂತ್ರ ಕೊಳ್ಳುವ ವಿಷಯಕ್ಕೆ ಜಗಳ ಆಯಿತು. ಯಂತ್ರ ನೆಪ ಅಷ್ಟೇ. ನಾಲ್ಕು ಲಕ್ಷ ನಡುವೆ ಕೂತಿತ್ತು.

ಪಾಲುದಾರಿಕೆ ಪತ್ರದಲ್ಲಿ ಇಷ್ಟಾದರೂ ಇರಲಿ: ತಿಂಗಳಿಗೆ ಯಾರು ಎಷ್ಟು ತೆಗೆಯಬಹುದು, ಒಬ್ಬ ಬಿಟ್ಟರೆ ಅವನ ಪಾಲಿನ ಬೆಲೆ ಕಟ್ಟುವುದು ಹೇಗೆ, ಒಬ್ಬ ತೀರಿಕೊಂಡರೆ ಮನೆಯವರು ಪಾಲುದಾರರಾಗುತ್ತಾರಾ ಅಥವಾ ಹಣ ತಗೊಂಡು ಹೋಗುತ್ತಾರಾ. ಪತ್ರವನ್ನು ನೋಂದಣಿ ಮಾಡಿಸಿ. 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ ನೋಂದಣಿ ಇಲ್ಲದ ಸಂಸ್ಥೆ ಹೊರಗಿನವರ ಮೇಲೆ ಒಪ್ಪಂದದ ಹಕ್ಕಿಗಾಗಿ ದಾವೆ ಹೂಡಲು ಆಗುವುದಿಲ್ಲ. ಅಂದರೆ ನಿಮ್ಮ ಉದ್ರಿ ವಸೂಲಿಗೇ ಕಲ್ಲು.

ಪ್ರೈವೇಟ್ ಲಿಮಿಟೆಡ್ ಮಾಡಿದರೆ ಮರ್ಯಾದೆ ಜಾಸ್ತಿ ಅಲ್ವಾ?

ಬೋರ್ಡ್ ಮೇಲೆ ಜಾಸ್ತಿ. ಪ್ರತಿ ವರ್ಷ ಆಡಿಟ್, ರಿಟರ್ನ್ ಎಲ್ಲ ಕಡ್ಡಾಯ. ಹೊರಗಿನ ಬಂಡವಾಳ ತರುವುದಿದ್ದರೆ, ದೊಡ್ಡ ಟೆಂಡರ್ ಹಿಡಿಯುವುದಿದ್ದರೆ ಮಾಡಿ. ಇಲ್ಲದಿದ್ದರೆ ಈಗ ಬೇಡ.

ಇಪ್ಪತ್ತು ಜನ ಆದರೆ ಪಿಎಫ್ ಬರುತ್ತದೆ. ಹತ್ತೊಂಬತ್ತಕ್ಕೇ ನಿಲ್ಲಿಸಿದರೆ?

ನಗಬೇಡಿ, ವರ್ಷಕ್ಕೆ ಹತ್ತು ಜನ ಕೇಳುತ್ತಾರೆ. ಇಎಸ್‌ಐ, ಅಂದರೆ ಕೆಲಸಗಾರರ ಆರೋಗ್ಯ ವಿಮೆ, ಹತ್ತು ಜನಕ್ಕೆ ಕಡ್ಡಾಯ, ಭವಿಷ್ಯ ನಿಧಿ ಪಿಎಫ್ ಇಪ್ಪತ್ತಕ್ಕೆ. ಹಾಗಾಗಿ ಒಂದೇ ಶೆಡ್ಡಿನ ನಡುವೆ ತಗಡು ಹೊಡೆದು, ಆಚೆಯದು ಹೆಂಡತಿ ಹೆಸರಲ್ಲಿ, ಈಚೆಯದು ತಮ್ಮನ ಹೆಸರಲ್ಲಿ ಅನ್ನುವುದು ನಡೆದುಬಂದಿದೆ. ಮಾಲೀಕ, ಶೆಡ್ಡು, ಕೆಲಸಗಾರರು ಒಂದೇ ಅಂತ ಕಂಡರೆ ಇಲಾಖೆ ಎರಡನ್ನೂ ಸೇರಿಸಿ ಎಣಿಸುತ್ತದೆ, ಹಿಂದಿನ ಬಾಕಿಯನ್ನೂ ದಂಡವನ್ನೂ ಕೇಳುತ್ತದೆ. ಅದಕ್ಕಿಂತ ಹೆಚ್ಚಿನ ನಷ್ಟ ಇನ್ನೊಂದಿದೆ. ತಗಡು ಹೊಡೆದ ಮೇಲೆ ಎರಡು ಲೆಕ್ಕ, ಎರಡು ಬ್ಯಾಂಕ್ ಖಾತೆ. ಎರಡೂ ಸಣ್ಣದಾಗಿ ಕಾಣುತ್ತವೆ, ದೊಡ್ಡ ಸಾಲ ಯಾವುದಕ್ಕೂ ಸಿಗುವುದಿಲ್ಲ.

ಕಲಿಸಿದ ಹುಡುಗರೆಲ್ಲ ಬೆಂಗಳೂರಿಗೆ ಹೋಗುತ್ತಾರೆ. ಉಳಿಸಿಕೊಳ್ಳುವುದು ಹೇಗೆ?

ಎಲ್ಲರನ್ನೂ ಉಳಿಸಿಕೊಳ್ಳಲು ಆಗಲ್ಲ. ಬೆಂಗಳೂರಿನ ಪಗಾರಕ್ಕೆ ನಾವು ಸರಿಸಾಟಿ ಅಲ್ಲ, ಮೇ ತಿಂಗಳ ರಾಯಚೂರಿನ ಬಿಸಿಲಂತೂ ಯಾರನ್ನೂ ಕರೆಯುವುದಿಲ್ಲ. ಆದರೆ ಅಲ್ಲಿ ಐದಾರು ವರ್ಷ ಬಾಡಿಗೆ ಕಟ್ಟಿ ಸುಸ್ತಾದವರು, ಅಪ್ಪ-ಅಮ್ಮನಿಗೆ ವಯಸ್ಸಾಯಿತು ಅನ್ನುವವರು ಇದ್ದಾರೆ. ಹೋಗುವವರ ಹಿಂದೆ ಓಡುವ ಬದಲು ಇವರನ್ನು ಹುಡುಕಿ. ಸಿಂಧನೂರಿನ ಒಂದು ಗಿರಣಿಯವರು ಯುಗಾದಿ ಮತ್ತು ದೀಪಾವಳಿ ರಜೆಯಲ್ಲಿ ಮಾತ್ರ ಸಂದರ್ಶನ ಇಡುತ್ತಾರೆ. ಆ ವಾರ ಎಲ್ಲರೂ ಊರಲ್ಲಿರುತ್ತಾರೆ!

ಅನುಭವಿ ಮ್ಯಾನೇಜರನ್ನು ಇಟ್ಟೆ. ಆರು ತಿಂಗಳಿಗೆ ಬಿಟ್ಟುಹೋದ. ಜನ ಸರಿ ಇಲ್ಲ ಅಲ್ವಾ?

ಒಂದು ಗಿರಣಿಯಲ್ಲಿ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಹುಬ್ಬಳ್ಳಿಯಿಂದ ಒಬ್ಬ ಮ್ಯಾನೇಜರ್ ಬಂದಿದ್ದರು, ಇಪ್ಪತ್ತು ವರ್ಷದ ಅನುಭವ. "ಎಲ್ಲಾ ನೀವೇ ನೋಡಿಕೊಳ್ಳಿ" ಅಂತ ಮಾಲೀಕರು ಹಾರ ಹಾಕಿ ಕೂರಿಸಿದರು. ಒಂದು ಬೆಳಿಗ್ಗೆ ಭತ್ತ ಮೇಲಕ್ಕೆತ್ತುವ ಎಲಿವೇಟರಿನ ಬೆಲ್ಟ್ ಹರಿಯಿತು. ಸ್ಟೋರಿನಲ್ಲಿ ಹೊಸ ಬೆಲ್ಟ್ ಇತ್ತು, ಸ್ಟೋರಿನ ಚಾವಿ ಮಾಲೀಕರ ಜೇಬಿನಲ್ಲಿತ್ತು, ಮಾಲೀಕರು ಲಿಂಗಸುಗೂರಿನಲ್ಲಿ ಮದುವೆಗೆ ಹೋಗಿದ್ದರು. ಹೊರಗಿನಿಂದ ತರಿಸೋಣ ಅಂದರೆ 500 ರೂಪಾಯಿ ಮೇಲಿನ ವೋಚರಿಗೆ ಮಾಲೀಕರ ಸಹಿ ಬೇಕು. ಗೇಟಿನಲ್ಲಿ ಭತ್ತದ ಲಾರಿ ಏಳು, ಹಮಾಲರು ನೆರಳಲ್ಲಿ ಮಲಗಿದ್ದಾರೆ. ಗಿರಣಿ ನಾಲ್ಕು ತಾಸು ನಿಂತಿತು. ಸಂಜೆ ಬಂದ ಮಾಲೀಕರು ಎಲ್ಲರ ಎದುರೇ ಕೇಳಿದರು: "ನೀವು ಏನು ನೋಡಿಕೊಂಡ್ರಿ?"

ಆ ಮ್ಯಾನೇಜರ್ ಉಳಿಯುತ್ತಾರಾ?

ಚಾವಿ ಕೊಡುವುದು ಕಷ್ಟ, ನನಗೂ ಗೊತ್ತು. ಒಂದೊಂದೇ ಕೊಡಿ. ಮೊದಲ ತಿಂಗಳು 10,000ದವರೆಗೆ ಕೇಳದೆ ಖರ್ಚು ಮಾಡುವ ಅಧಿಕಾರ. ಮೂರು ತಿಂಗಳಾದ ಮೇಲೆ 50,000. ವಾರಕ್ಕೊಮ್ಮೆ ಕೂತು ಲೆಕ್ಕ ನೋಡಿ, ತಪ್ಪಿದ್ದರೆ ಬಾಗಿಲು ಹಾಕಿಕೊಂಡು ಹೇಳಿ. ಅವರು 10,000 ತಪ್ಪು ಖರ್ಚು ಮಾಡಿದರೂ ನಾಲ್ಕು ತಾಸು ನಿಂತ ಗಿರಣಿಗಿಂತ ಅಗ್ಗ.

ನಾನು ಮ್ಯಾನೇಜರ್. ಮಾಲೀಕರ ಅಣ್ಣ, ಅಳಿಯ, ಮಗ ಎಲ್ಲರೂ ಆರ್ಡರ್ ಕೊಡುತ್ತಾರೆ. ಯಾರ ಮಾತು ಕೇಳಲಿ?

ಸಹಿ ಮಾಡುವವರ ಮಾತು. ಉಳಿದವರಿಗೆ "ಆಯ್ತು ಸರ್, ಯಜಮಾನ್ರಿಗೆ ಒಂದು ಮಾತು ಹೇಳಿ ಮಾಡ್ತೀನಿ" ಅನ್ನಿ. ಅದೇ ಸಂಜೆ ಯಜಮಾನರಿಗೆ ವಾಟ್ಸಾಪ್‌ನಲ್ಲಿ ಹಾಕಿ, ಬರಹದಲ್ಲಿರಲಿ. ಚಾಡಿ ಹೇಳಿದ ಹಾಗೆ ಬರೆಯಬೇಡಿ. "ಅಳಿಯಂದಿರು ಹೀಗೆ ಹೇಳಿದ್ದಾರೆ, ಮಾಡಲಾ?" ಅಷ್ಟು ಸಾಕು. ನಾಲ್ಕು ಸಲ ಹೀಗಾದರೆ ಮನೆಯವರೇ ಕೂತು ತೀರ್ಮಾನ ಮಾಡುತ್ತಾರೆ. ಮಾಡದಿದ್ದರೆ ಬೇರೆ ಕೆಲಸ ನೋಡಿಕೊಳ್ಳಿ. ಮನೆ ಜಗಳದಲ್ಲಿ ಹೊರಗಿನವರು ಗೆದ್ದದ್ದನ್ನು ನಾನು ನೋಡಿಲ್ಲ.

ಮಗ ಓದಿ ಬಂದಿದ್ದಾನೆ. ಬಂದ ದಿನವೇ ಎಲ್ಲ ಕಂಪ್ಯೂಟರ್ ಮಾಡಬೇಕು ಅಂತಾನೆ.

ಮಾಡಲಿ. ಆದರೆ ಮೊದಲು ಆರು ತಿಂಗಳು ವಸೂಲಿಗೆ ಕಳಿಸಿ. ಹತ್ತು ಊರು ತಿರುಗಿ, ಅಂಗಡಿ ಮುಂದೆ ಸ್ಟೂಲ್ ಮೇಲೆ ಕೂತು, "ನಾಳೆ ಬಾ" ಅನ್ನಿಸಿಕೊಂಡು ಬರಲಿ. ಆಮೇಲೆ ಅವನು ಮಾಡುವ ಸಾಫ್ಟ್‌ವೇರ್‌ನಲ್ಲಿ ಮೊದಲ ಪರದೆಯೇ ಬಾಕಿ ಪಟ್ಟಿ ಆಗಿರುತ್ತದೆ, ನೋಡಿ ಬೇಕಾದರೆ.

ನಮ್ಮದು 371ಜೆ ಜಿಲ್ಲೆ. ಉದ್ಯಮಕ್ಕೆ ಏನಾದರೂ ಲಾಭ ಇದೆಯಾ?

ನೇರವಾಗಿ ಇಲ್ಲ. 371ಜೆ ಅಂದರೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ ವಿಧಿ. ಅದರ ಮೀಸಲಾತಿ ಶಿಕ್ಷಣಕ್ಕೆ ಮತ್ತು ಸರ್ಕಾರಿ ನೌಕರಿಗೆ. ಹಿಂದುಳಿದ ತಾಲೂಕಿಗೆ ಸಿಗುವ ರಿಯಾಯಿತಿಗಳು ರಾಜ್ಯದ ಕೈಗಾರಿಕಾ ನೀತಿಯಲ್ಲಿವೆ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ. ಯಂತ್ರ ಕೊಳ್ಳುವ ಮೊದಲೇ ಕೇಳಿ.

ಯಾವಾಗ ಮುಚ್ಚಬೇಕು ಅಂತ ಗೊತ್ತಾಗುವುದು ಹೇಗೆ?

ಈ ಪ್ರಶ್ನೆಯನ್ನು ಎಲ್ಲರೂ ಏಳುವಾಗ, ಚಪ್ಪಲಿ ಹಾಕಿಕೊಳ್ಳುತ್ತಾ ಕೇಳುತ್ತಾರೆ. ಒಂದು ಗುರುತು ಹೇಳುತ್ತೇನೆ. ಹಳೇ ಸಾಲದ ಬಡ್ಡಿ ಕಟ್ಟಲು ಹೊಸ ಸಾಲ ತಗೊಂಡರೆ, ಅದೂ ಕೈಗಡವಾಗಿ, ಆ ದಿನ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ. ಮೂರು ತಿಂಗಳಲ್ಲಿ ಎರಡನೇ ಸಲ ಬರೆಯಬೇಕಾಗಿ ಬಂದರೆ ನನ್ನ ಬಳಿ ಬನ್ನಿ, ಅಥವಾ ಯಾರಾದರೂ ಲೆಕ್ಕ ಬಲ್ಲವರ ಬಳಿ ಹೋಗಿ. ಮನೆಯ ಬಂಗಾರ ಅಡ ಇಡುವ ಮೊದಲು ಹೋಗಿ.

ನಾನು ಮೂರು ಸಲ ಬರೆದ ಮೇಲೆ ಮುಚ್ಚಿದೆ. ಯಂತ್ರ ಮಾರಿ ಹೊಲಿಯುವವರ ಬಾಕಿ ಮೊದಲು ಕೊಟ್ಟೆ, ಬಟ್ಟೆಯವರಿಗೆ ಎರಡು ವರ್ಷದಲ್ಲಿ ಕಂತು ಕಂತಾಗಿ ತೀರಿಸಿದೆ. ಅದೇ ಬಟ್ಟೆಯವರು ಈಗ ಬಳ್ಳಾರಿಯ ಹೊಸ ಘಟಕದವರಿಗೆ ಉದ್ರಿ ಕೊಡುವ ಮೊದಲು ನನಗೆ ಫೋನ್ ಮಾಡಿ, "ಪಾರ್ಟಿ ಹೇಗೆ?" ಅಂತ ಕೇಳುತ್ತಾರೆ.